ಆರನೆಯ ಪತ್ರೆ

ಮಠದ ಪೂಜಾ ಮಂಟಪದ ಬಾಗಿಲ ಪಕ್ಕದಲ್ಲಿ ಒಂದು ಫಲಕವಿತ್ತು. 'ಧ್ಯಾನದಲ್ಲಿ ಇರುವವರನ್ನು ಮುಟ್ಟಬಾರದು, ಕರೆಯಬಾರದು, ಎಬ್ಬಿಸಬಾರದು.' ಅದನ್ನು ಬರೆಸಿದವನು ನಾನು. ಈಗ ಅದು ಅಲ್ಲಿಲ್ಲ. ತೆಗೆದವನೂ ನಾನೇ. ಈ ನಡುವೆ ನಡೆದದ್ದನ್ನು ನೆನಪಿರುವ ಕ್ರಮದಲ್ಲಿ, ಹೊತ್ತಿನ ಸಮೇತ ಬರೆಯುತ್ತಿದ್ದೇನೆ. ಖಚಿತವಿಲ್ಲದ ಕಡೆ ಖಚಿತವಿಲ್ಲ ಎಂದೇ ಬರೆಯುತ್ತೇನೆ.

ಹರಿಹರದ ಹೊರಗೆ ಹೊಳೆಯ ದಂಡೆಗೆ ನಮ್ಮ ಮಠ. ಬರುವ ಭಕ್ತರ ವ್ಯವಸ್ಥೆ ನನ್ನ ಕೆಲಸ: ಚಪ್ಪಲಿ, ಫೋನು, ಸಾಲು, ಕೂರುವ ಜಾಗ, ದಾಸೋಹದ ಪಂಕ್ತಿ. ಶ್ರಾವಣ ಮಾಸದಲ್ಲಿ ದಿನವೂ ಬೆಳಿಗ್ಗೆ ಸಾಮೂಹಿಕ ಇಷ್ಟಲಿಂಗ ಪೂಜೆ ಇರುತ್ತದೆ. ಸೋಮವಾರ ಮಂಟಪ ತುಂಬಿ ಜಗಲಿಯಲ್ಲೂ ಕೂರುತ್ತಾರೆ.

ಫಲಕಕ್ಕೆ ಕಾರಣವಿತ್ತು. ಹಿಂದಿನ ಶ್ರಾವಣದಲ್ಲಿ, ಪೂಜೆ ಮುಗಿದ ಮೇಲೂ ಕೂತೇ ಇದ್ದ ವೃದ್ಧರೊಬ್ಬರನ್ನು ನಮ್ಮ ಸೇವಕನೊಬ್ಬ ಭುಜ ಹಿಡಿದು ಅಲುಗಿಸಿದ. ಅವರು ಬೆಚ್ಚಿಬಿದ್ದರು. ಅಂಗೈಯಲ್ಲಿದ್ದ ಲಿಂಗ ಉರುಳಿ ಕಲ್ಲುನೆಲಕ್ಕೆ ಬಿತ್ತು. ಕೊರಳಿನ ಲಿಂಗ ನೆಲಕ್ಕೆ ಬೀಳುವುದೆಂದರೆ ಏನೆಂದು ನಮ್ಮವರಿಗೆ ಹೇಳಬೇಕಿಲ್ಲ. ಆ ಹಿರಿಯರು ಅಲ್ಲೇ ಕೂತು ಮಗುವಿನ ಹಾಗೆ ಅತ್ತರು. ಎರಡು ದಿನ ನೀರು ಮುಟ್ಟಲಿಲ್ಲವೆಂದು ಅವರ ಮನೆಯವರು ಬಂದು ಕೂಗಾಡಿದರು. ಸ್ವಾಮೀಜಿಯವರು ಅವರನ್ನು ಕರೆಸಿ, ಸಮಾಧಾನ ಹೇಳಿ, ಮತ್ತೆ ಲಿಂಗಧಾರಣೆ ಮಾಡಿಸಿದರು. ಅದಾದ ಮರುದಿನ ನಾನು ಫಲಕ ಬರೆಸಿದೆ. ಯಾರೂ ಬೇಡವೆನ್ನಲಿಲ್ಲ. ಒಳ್ಳೆಯ ಕೆಲಸ ಮಾಡಿದಿರಿ ಎಂದರು.

ಪೂಜೆಯ ಕ್ರಮ ಹೀಗೆ. ಆರೂವರೆಗೆ ಬಾಗಿಲು ತೆರೆಯುತ್ತೇವೆ. ಪ್ರತಿಯೊಬ್ಬರಿಗೂ ಒಂದು ತಟ್ಟೆ. ಅದರಲ್ಲಿ ವಿಭೂತಿ, ಸಣ್ಣ ಲೋಟದಲ್ಲಿ ನೀರು, ನಾಲ್ಕು ಹೂವು, ಎಣಿಸಿ ಇಟ್ಟ ಹನ್ನೊಂದು ಬಿಲ್ವಪತ್ರೆ. ಏಳಕ್ಕೆ ಸ್ವಾಮೀಜಿ ಬರುತ್ತಾರೆ. ವಿಭೂತಿ ಹಚ್ಚಿಕೊಂಡು, ಲಿಂಗವನ್ನು ಎಡ ಅಂಗೈಗೆ ತೆಗೆದುಕೊಂಡು, ನೀರೆರೆದು, ಆಮೇಲೆ ಪತ್ರೆ. ಸ್ವಾಮೀಜಿ ಮಂತ್ರ ಹೇಳುತ್ತಾರೆ, ಗಂಟೆಯಾಗುತ್ತದೆ, ಎಲ್ಲರೂ ಒಂದು ಪತ್ರೆ ಏರಿಸುತ್ತಾರೆ. ಹೀಗೆ ಹನ್ನೊಂದು ಸಲ. ನಂತರ ದೀಪ ಆರಿಸಿ, ಅಂಗೈಯ ಲಿಂಗದ ಮೇಲೆ ದೃಷ್ಟಿಯಿಟ್ಟು ಮೌನವಾಗಿ ಕೂರುವುದು. ಆ ಹೊತ್ತಿನಲ್ಲಿ ಮಂಟಪದಲ್ಲಿ ನೂರಾರು ಜನ ಇರುತ್ತಾರೆ, ಯಾರೂ ಯಾರನ್ನೂ ನೋಡುವುದಿಲ್ಲ. ನೋಡಬಾರದು ಎಂಬುದೇ ಅಲ್ಲಿಯ ಶಿಸ್ತು.

ಆ ಸೋಮವಾರ, ಶ್ರಾವಣದ ಮೊದಲ ಸೋಮವಾರ, ಫೋನು ಇಸಿದುಕೊಳ್ಳುವ ಕಿಟಕಿಯಲ್ಲಿ ಸ್ವಲ್ಪ ಹೊತ್ತು ನಾನೇ ಕೂತಿದ್ದೆ. ಹೊತ್ತು ಆರು ನಲವತ್ತು. ಫೋನು ಕೊಟ್ಟವರ ಹೆಸರಿನ ಮುಂದೆ ಹೊತ್ತನ್ನೂ ಬರೆಯುತ್ತೇವೆ, ಹಾಗಾಗಿ ಇದು ಖಚಿತ. ಐವತ್ತರ ಆಚೆಈಚೆಯ ಹೆಂಗಸೊಬ್ಬರು ಫೋನು ಚಾಚಿದರು. ದಾವಣಗೆರೆಯ ವಿದ್ಯಾನಗರದಲ್ಲಿ ಕಾಲೇಜು ಹುಡುಗರಿಗೆ ಮೆಸ್ ನಡೆಸುವವರು. ಜೊತೆಗೆ ತಂಗಿ, ಕಡರನಾಯಕನಹಳ್ಳಿಗೆ ಕೊಟ್ಟ ಹೆಣ್ಣುಮಗಳು.

"ಆಫ್ ಮಾಡಿ ಕೊಡ್ರಮ್ಮ" ಎಂದೆ.

"ಆಫ್ ಮಾಡಿದ್ರೆ ನನ್ನ ಹುಡುಗ್ರು ಪೊಲೀಸ್ ಕಂಪ್ಲೇಂಟ್ ಕೊಡ್ತಾವ್ರಿ. ಆಂಟಿ ಇವತ್ತು ಪಲ್ಯ ಏನು ಅಂತ ಕೇಳ್ದಿದ್ರೆ ಅವಕ್ಕೆ ಬೆಳಗಾಗಲ್ಲ. ಬಡ್ಕಳ್ಳಿ ಬಿಡ್ರಿ, ಪೆಟ್ಟಿಗ್ಯಾಗೆ ಹಾಕಿಡ್ರಿ" ಎಂದರು.

ತಂಗಿ ನಕ್ಕರು. "ಇವ್ಳು ಲಿಂಗ ಹಿಡ್ಕಂಡು ಕುಂತ್ರೂ ಕುಕ್ಕರ್ ಸೀಟಿ ಎಣಿಸ್ತಾಳ್ರಿ."

"ಎಣಿಸ್ದಿದ್ರೆ ಅನ್ನ ಸೀದೋಗ್ತೈತೆ. ನಿನ್ನಂಗೆ ಎತ್ತು ಎಮ್ಮೆ ನೋಡ್ಕಂಡು ಕುಂತಿಲ್ಲ ನಾನು."

ಅವರು ಮಾತಾಡಿದ್ದನ್ನು ನಾನು ಕೇಳಿದ್ದು ಅಷ್ಟೇ. ಮೊಣಕಾಲು ನೋವೆಂದು ಅವರು ಹಿಂದಿನ ಕಂಬಕ್ಕೆ ಒರಗಿ ಕೂತರು. ತಂಗಿ ಮುಂದಿನ ಸಾಲಿಗೆ ಹೋದರು.

ಮಂಗಳಾರತಿ ಮುಗಿದು ಎಂಟು ಇಪ್ಪತ್ತರ ಹೊತ್ತಿಗೆ ಮಂಟಪ ಖಾಲಿಯಾಯಿತು. ನಾಲ್ಕು ಜನ ಕೂತೇ ಇದ್ದರು. ಇದು ಪ್ರತಿ ದಿನದ ಸಂಗತಿ. ಮೂವರು ಒಬ್ಬೊಬ್ಬರಾಗಿ ಎದ್ದುಹೋದರು. ಎಂಟೂಮುಕ್ಕಾಲಿಗೆ ತಟ್ಟೆ ಎತ್ತುವ ಸೇವಕಿ ನನ್ನ ಬಳಿ ಬಂದಳು. ಹರಿಹರದ ಪೇಟೆಯಲ್ಲಿ ಬಟ್ಟೆ ಹೊಲಿಯುವ ಹೆಣ್ಣುಮಗಳು, ಶ್ರಾವಣಕ್ಕೆ ಸೇವೆಗೆ ಬರುತ್ತಾಳೆ.

"ಸಾರ್, ಕಂಬದ ಹತ್ರದ ಆ ತಾಯಿ ಇನ್ನೂ ಎದ್ದಿಲ್ಲ. ಪತ್ರೆನೂ ಅರ್ಧ ತಟ್ಟ್ಯಾಗೇ ಅದಾವೆ."

ಬಾಗಿಲವರೆಗೆ ಹೋಗಿ ನಿಂತು ನೋಡಿದೆ. ಅಲ್ಲಿಂದ ಕಂಬಕ್ಕೆ ಇಪ್ಪತ್ತು ಅಡಿ ಇರಬಹುದು. ಬೆನ್ನು ಕಂಬಕ್ಕೆ ಆನಿಸಿತ್ತು. ಎಡಗೈ ತೊಡೆಯ ಮೇಲೆ, ಅಂಗೈಯಲ್ಲಿ ಲಿಂಗ. ಕೈ ಒಂದಿಷ್ಟೂ ಅಲುಗುತ್ತಿರಲಿಲ್ಲ. ಕಣ್ಣು ಎಡಕ್ಕೆ ಬಾಗಿ ಅಂಗೈಯ ಮೇಲೇ ನೆಟ್ಟಿತ್ತು. ಕೆನ್ನೆಯ ಮೇಲೆ ನೀರು ಇಳಿದಿತ್ತು. ಬಲಗೈ ನನಗೆ ಕಾಣಲಿಲ್ಲ. ಕಂಬದ ಆ ಬದಿಗಿತ್ತು. ಕಾಣುವಂತೆ ನಾನು ಎರಡು ಹೆಜ್ಜೆ ಪಕ್ಕಕ್ಕೆ ಸರಿಯಲಿಲ್ಲ.

"ಎಲ್ರಿಗೂ ಒಲಿಯಂಗಿಲ್ಲಮ್ಮ ಅದು. ಇರ್ಲಿ ಬಿಡು, ತಟ್ಟೆ ಆಮ್ಯಾಲೆ ತಗಂಡ್ರಾತು" ಎಂದೆ.

ಅವಳು ಒಂದು ಕ್ಷಣ ನಿಂತಳು. ಏನೋ ಹೇಳುವುದಿತ್ತು ಎಂದು ಈಗ ಅನಿಸುತ್ತದೆ. ಫಲಕವನ್ನು ನೋಡಿದಳೋ ನನ್ನನ್ನು ನೋಡಿದಳೋ ಖಚಿತವಿಲ್ಲ. ಹೊರಟುಹೋದಳು. ನಾನು ದಾಸೋಹದ ಕಡೆ ನಡೆದೆ.

ಮುಂದಿನ ಮುಕ್ಕಾಲು ಗಂಟೆ ನಾನು ಪಂಕ್ತಿ ನೋಡುತ್ತಿದ್ದೆ. ಉಪ್ಪಿಟ್ಟು ಮುಗಿದು ಇನ್ನೊಂದು ಕೊಪ್ಪರಿಗೆ ಇಳಿಸಬೇಕಾಯಿತು. ಅಷ್ಟರಲ್ಲಿ ಮಂಟಪದ ಬಾಗಿಲಲ್ಲಿ ಹತ್ತು ಹನ್ನೆರಡು ಜನ ಸೇರಿದ್ದರು. ನಾನು ಅತ್ತ ಒಮ್ಮೆ ಹಾದುಹೋದೆ. ಎಲ್ಲರೂ ಕೈಮುಗಿದು ನಿಂತಿದ್ದರು.

"ಶಿವಯೋಗ ಅಂದ್ರೆ ಇದು ನೋಡ್ರಿ" ಎಂದರು ಒಬ್ಬರು ಮೆಲ್ಲಗೆ.

"ನಾವು ಐದು ನಿಮಿಷ ಕುಂತ್ರೆ ಕಾಲು ಜೋಮು ಹಿಡೀತಾವೆ. ಮನಸ್ಸು ಆಗ್ಲೇ ಉಪ್ಪಿಟ್ಟಿನ ತಾವ ಹೋಗಿರ್ತೈತೆ" ಎಂದರು ಇನ್ನೊಬ್ಬರು.

ಯಾರೋ ಫೋನೆತ್ತಿ ಚಿತ್ರ ತೆಗೆದರು. ಒಳಗೆ ಫೋಟೊ ತೆಗೆಯಬೇಡಿ ಎಂದು ನಾನು ಗದರಿಸಿದೆ. ನನ್ನ ಗಮನಕ್ಕೆ ಬಂದ ನಿಯಮಭಂಗ ಅದೊಂದೇ.

ಒಂಬತ್ತೂವರೆಗೆ ಫೋನಿನ ಕಿಟಕಿಯಿಂದ ನಮ್ಮ ಗುಮಾಸ್ತ ಕೂಗಿದ. "ಸಾರ್, ಈ ಫೋನು ಒಂದೇ ಸಮ ಬಡ್ಕಳ್ತೈತೆ. ಯಾರ್ದೋ ನೋಡ್ರಿ, ನಂಗೆ ತಲಿ ಚಿಟ್ಟು ಹಿಡೀತು." ಅದೇ ಹೊತ್ತಿಗೆ ಆ ತಂಗಿ ಸೆರಗಿನಲ್ಲಿ ಮುಖ ಒರೆಸಿಕೊಳ್ಳುತ್ತ ಬಂದರು.

"ಸಾರ್, ನಮ್ಮಕ್ಕನ್ನ ನೋಡಿದ್ರಾ? ಪಂಕ್ತ್ಯಾಗೂ ಇಲ್ಲ, ಬಸ್‌ಸ್ಟಾಪಿಗೆ ಹೋಗ್ಯಾಳೇನೋ ಅಂತ ಅಲ್ಲೂ ನೋಡ್ಕಂಡು ಬಂದೆ."

"ಒಳಗೇ ಅದಾರಮ್ಮ. ಧ್ಯಾನದಾಗೆ ಕುಂತಾರೆ."

ಅವರಿಗೆ ನಗು ಬಂತು. "ನಮ್ಮಕ್ಕನಾ? ಧ್ಯಾನನಾ? ಹನ್ನೆರಡಕ್ಕೆ ಅರವತ್ತು ಹುಡುಗ್ರು ಊಟಕ್ಕೆ ಬರ್ತಾವ್ರಿ. ಒಂಬತ್ತಕ್ಕೆ ಬಸ್ ಹತ್ತಿದ್ರೆ ಮಾತ್ರ ಸಾರು ಆಗೋದು ಅಂತ ನನ್ನನ್ನ ಬೈಕಂಡು ಬಂದಾಳೆ…"

ಮಾತು ಅಲ್ಲಿಗೆ ನಿಂತಿತು. ನಗು ಮುಖದ ಮೇಲೆ ಇನ್ನೂ ಇತ್ತು, ಕಣ್ಣು ಬೇರೆಯಾಗಿತ್ತು. ನಾವಿಬ್ಬರೂ ಒಟ್ಟಿಗೆ ಓಡಿದೆವು.

ಈ ಸಲ ನಾನು ಒಳಗೆ ಹೋದೆ. ಬಲಗೈ ನೆಲದ ಮೇಲೆ ಮಗುಚಿ ಬಿದ್ದಿತ್ತು. ಹೆಬ್ಬೆರಳು ತೋರುಬೆರಳ ನಡುವೆ ಒಂದು ಪತ್ರೆ ಸಿಕ್ಕಿಕೊಂಡಿತ್ತು. ಬಾಯಿಯ ಬಲಗಡೆ ಜಾರಿ ಜೊಲ್ಲು ಸೆರಗನ್ನು ತೋಯಿಸಿತ್ತು. ಸೀರೆ ಕೆಳಗೂ ಒದ್ದೆಯಾಗಿತ್ತು. ತಂಗಿ "ಅಕ್ಕಾ" ಎಂದಾಗ ಗಂಟಲಿನಿಂದ ಸದ್ದೊಂದು ಬಂತು. ಅದು ಮಾತಲ್ಲ.

ಇಷ್ಟಾದರೂ ಯಾರೂ ಮುಟ್ಟಲಿಲ್ಲ. ಸೇವಕಿ ಸೆರಗು ಬಾಯಿಗೆ ಹಿಡಿದು ನಿಂತಿದ್ದಳು. ನನ್ನ ಕೈ ಮುಂದೆ ಹೋಗಿ ಅರ್ಧಕ್ಕೇ ನಿಂತಿತು. ಎತ್ತಿದರೆ ಲಿಂಗ ಬೀಳುತ್ತದೆ. ಇನ್ನೊಬ್ಬರ ಲಿಂಗವನ್ನು ನಾವು ಮುಟ್ಟುವ ಹಾಗಿಲ್ಲ. ಆ ಹೊತ್ತಿನಲ್ಲಿ ನನ್ನ ತಲೆಯಲ್ಲಿ ಇದ್ದದ್ದು ಇದು ಎಂದು ಬರೆಯಲು ನಾಚಿಕೆಯಾಗುತ್ತದೆ, ಆದರೆ ಇದ್ದದ್ದು ಇದೇ.

ಸ್ವಾಮೀಜಿ ತಮ್ಮ ಕೋಣೆಯಲ್ಲಿ ಸ್ವಂತ ಪೂಜೆಗೆ ಕೂತಿದ್ದರು. ಆ ಬಾಗಿಲು ಹತ್ತರವರೆಗೆ ತೆರೆಯುವುದಿಲ್ಲ, ತಟ್ಟುವುದೂ ಇಲ್ಲ. ನಾನು ಹೋಗಿ ಎರಡೂ ಕೈಯಿಂದ ಬಡಿದೆ. ಅವರು ಒದ್ದೆ ಮಡಿಯಲ್ಲೇ ಹೊರಬಂದರು. ನಾನು ಎರಡು ಮಾತು ಹೇಳುವಷ್ಟರಲ್ಲಿ ಮಂಟಪದ ಕಡೆ ನಡೆಯತೊಡಗಿದ್ದರು. ನೋಡಿದ ಕೂಡಲೇ ಹೆಗಲ ವಸ್ತ್ರವನ್ನು ತೆಗೆದು ಆಕೆಯ ಎಡಗೈಗೆ ಲಿಂಗದ ಸಮೇತ ಸುತ್ತಿ ಗಂಟು ಹಾಕಿದರು.

"ಲಿಂಗ ಅಲ್ಲೇ ಇರ್ಲಿ. ಮನುಷ್ಯಾರನ್ನ ಎತ್ರಿ ಮೊದ್ಲು" ಎಂದರು. ಆಮೇಲೆ ನನ್ನ ಕಡೆ ತಿರುಗಿ, "ಎಷ್ಟೊತ್ತಾತು ಹಿಂಗಾಗಿ?"

"ಗೊತ್ತಿಲ್ಲ ಬುದ್ಧಿ. ಎಂಟೂಮುಕ್ಕಾಲಿಗೆ ನಾನು ನೋಡಿದ್ದೆ."

"ನೋಡಿ?"

"ಧ್ಯಾನ ಅನ್ಕಂಡೆ."

ಅವರು ಬಗ್ಗಿ ಆಕೆಯ ಭುಜದ ಕೆಳಗೆ ಕೈ ಕೊಟ್ಟರು.

ಮಠದ ಗಾಡಿಯ ಹಿಂದಿನ ಸೀಟಿನಲ್ಲಿ ತಂಗಿಯ ತೊಡೆಯ ಮೇಲೆ ತಲೆಯಿಟ್ಟು ಮಲಗಿಸಿದೆವು. ತಂಗಿ ಹರಿಹರದ ಆಸ್ಪತ್ರೆಗೇ ಹೋಗೋಣ, ಹತ್ತಿರ ಎಂದು ಹಟ ಮಾಡಿದರು. ಪರಿಚಯದ ವೈದ್ಯರೊಬ್ಬರಿಗೆ ಫೋನು ಮಾಡಿದೆ. ತಲೆಯ ಸ್ಕ್ಯಾನ್ ಇರುವ ಕಡೆಗೇ ನೇರ ಹೋಗಿ, ನಡುವೆ ಎಲ್ಲೂ ನಿಲ್ಲಿಸಬೇಡಿ ಎಂದರು. ದಾವಣಗೆರೆಗೆ ಹೊರಟಾಗ ಒಂಬತ್ತು ಐವತ್ತು. ದಾರಿಯಲ್ಲಿ ಆಕೆಯ ಫೋನು ನನ್ನ ಜೇಬಿನಲ್ಲಿ ಮೂರು ಸಲ ಬಡಿದುಕೊಂಡಿತು. ಮೂರನೆಯ ಸಲ ಎತ್ತಿದೆ.

"ಆಂಟಿ, ಎಲ್ಲಿದೀರಾ? ಬೀಗ ಹಾಕೈತಲ್ಲ" ಎಂದ ಹುಡುಗ.

"ಇವತ್ತು ಊಟ ಇಲ್ಲಪ್ಪ" ಎಂದೆ. ಬೇರೆ ಏನು ಹೇಳಬೇಕೆಂದು ತಿಳಿಯಲಿಲ್ಲ.

ಆಸ್ಪತ್ರೆ ತಲುಪಿದಾಗ ಹತ್ತು ಇಪ್ಪತ್ತೈದು. ಸ್ಕ್ಯಾನಿಗೆ ಒಯ್ಯುವ ಮುಂಚೆ ಮೈಮೇಲಿನ ಲೋಹ, ಬಳೆ, ಸರ ಎಲ್ಲ ತೆಗೆಯಬೇಕೆಂದರು. ಎಡಗೈಯ ಗಂಟು ಬಿಚ್ಚಿದರೆ ಒಳಗೆ ಮುಷ್ಟಿ ಬಿಗಿಯಾಗಿತ್ತು. ನರ್ಸು ಬೆರಳು ಬಿಡಿಸಲು ನೋಡಿದರು, ಬಿಡಲಿಲ್ಲ. ತಂಗಿ ತಮ್ಮ ಸೆರಗನ್ನು ಕೆಳಗೆ ಹಾಸಿ ಹಿಡಿದು, "ಅಕ್ಕಾ, ನನಗೆ ಕೊಡು" ಎಂದರು. ಬೆರಳು ತಾನಾಗಿ ಬಿಚ್ಚಿತು. ನಾನು ಅದನ್ನು ನೋಡಿದೆ. ಅದರ ಅರ್ಥವನ್ನು ಯೋಚಿಸಲಿಲ್ಲ.

ಸ್ಕ್ಯಾನ್ ನೋಡಿ ಬಂದ ವೈದ್ಯೆ ಚಿಕ್ಕ ವಯಸ್ಸಿನವರು, ಬೇಗ ಬೇಗ ಮಾತಾಡುವವರು. ಮಿದುಳಿನ ಎಡಗಡೆ ದೊಡ್ಡ ರಕ್ತನಾಳದಲ್ಲಿ ಗಡ್ಡೆ ಕೂತಿದೆ ಎಂದರು. ಅದಕ್ಕೇ ಬಲಗೈ, ಬಲಗಾಲು ಮತ್ತು ಮಾತು ಹೋಗಿರುವುದು.

"ಕಣ್ಣು ಎಡಕ್ಕೇ ನಿಂತಾವಲ್ಲ ಡಾಕ್ಟ್ರೇ?" ಎಂದೆ.

"ಎಡಗಡೆ ಏಟು ಬಿದ್ರೆ ಕಣ್ಣು ಎಡಕ್ಕೇ ತಿರುಗಿ ನಿಲ್ತಾವೆ. ಅದೂ ಒಂದು ಲಕ್ಷಣ."

ದೃಷ್ಟಿಯಿಟ್ಟಿದ್ದಾರೆ ಎಂದು ನಾವೆಲ್ಲ ಕೈಮುಗಿದದ್ದು ಅದಕ್ಕೆ.

"ಗಡ್ಡೆ ಕರಗಿಸೋ ಇಂಜೆಕ್ಷನ್ ಐತೆ. ಶುರುವಾಗಿ ನಾಲ್ಕೂವರೆ ತಾಸಿನ ಒಳಗೆ ಕೊಡಬೇಕು. ತಡ ಆದ್ಮೇಲೆ ಕೊಟ್ರೆ ಮಿದುಳಿನಾಗೆ ರಕ್ತ ಸೋರೋ ಅಪಾಯ ಜಾಸ್ತಿ. ಹೇಳ್ರಿ, ಇವ್ರು ಚೆನ್ನಾಗಿದ್ದಿದ್ದು ಕೊನೇ ಸಲ ಯಾರು ನೋಡಿದ್ರು? ಎಷ್ಟೊತ್ತಿಗೆ?"

ನಾನು ತಂಗಿಯನ್ನು ನೋಡಿದೆ. ಅವರು ಮುಂದಿನ ಸಾಲಿನಲ್ಲಿ ಕೂತಿದ್ದವರು, ತಿರುಗಿ ನೋಡಿರಲಿಲ್ಲ. "ಆರು ನಲವತ್ತಕ್ಕೆ ನನ್ನ ಹತ್ರ ಮಾತಾಡಿದ್ರು" ಎಂದೆ.

"ಅಂದ್ರೆ ಹನ್ನೊಂದು ಹತ್ತಕ್ಕೆ ಮುಗೀತು. ಈಗ ಹತ್ತು ಐವತ್ತೈದು. ರಕ್ತದ ರಿಪೋರ್ಟ್ ಬರೋಕೇ ಇಪ್ಪತ್ತು ನಿಮಿಷ ಬೇಕು." ಅವರು ನನ್ನನ್ನೇ ನೋಡಿದರು. "ಅಷ್ಟು ಜನ ಇದ್ರಿ. ಆಮೇಲೆ ಒಬ್ರೂ ನೋಡ್ಲಿಲ್ವಾ?"

ಆಗಲೇ ಮಠದ ಸಮಿತಿಯ ಹಿರಿಯರ ಫೋನು ಬಂತು. ಹೊರಗೆ ಬಂದು ಮಾತಾಡಿದೆ. ವಿಷಯ ಕೇಳಿ ಅವರು ಹೇಳಿದರು, "ಮಂಗಳಾರತಿ ತನಕ ಚಲೋ ಇದ್ರು ಅಂತ ಹೇಳಿಬಿಡ್ರಿ. ಎಂಟೂಕಾಲು ಅನ್ರಿ. ಇಂಜೆಕ್ಷನ್ನೂ ಸಿಗ್ತೈತೆ, ಮಠದ ಹೆಸ್ರೂ ಉಳೀತೈತೆ. ನಿಮಗೂ ಚಲೋ."

ಅವರು ಕೆಟ್ಟವರಲ್ಲ. ನನಗೂ ಒಂದು ಕ್ಷಣ ಅದು ದಾರಿಯಂತೆ ಕಂಡಿತು. ಎಂಟೂಕಾಲು ಎಂದರೆ ಎಲ್ಲವೂ ಸರಿಹೋಗುತ್ತದೆ: ಆಕೆಗೆ ಔಷಧಿ ಸಿಗುತ್ತದೆ, ನಾನು ಬಾಗಿಲಲ್ಲಿ ನಿಂತು ವಾಪಸು ಹೋದದ್ದು ಅಷ್ಟು ದೊಡ್ಡ ತಪ್ಪಾಗಿ ಉಳಿಯುವುದಿಲ್ಲ. ಆದರೆ ನಿಜವಾಗಿ ಶುರುವಾದದ್ದು ಏಳಕ್ಕೇ ಆಗಿದ್ದರೆ, ಎಂಟೂಕಾಲನ್ನು ನಂಬಿ ಅವರು ನಿಧಾನವಾಗಿ ಕೊಟ್ಟರೆ, ನನ್ನ ಬಾಯಿಂದ ಬಂದ ಒಂದು ಅಂಕಿ ಆಕೆಯ ಮಿದುಳಿನಲ್ಲಿ ರಕ್ತವಾಗುತ್ತದೆ. ಹೊತ್ತು ಗೊತ್ತಿಲ್ಲದೆ ನಾನು ಹೊತ್ತು ಹೇಳುವ ಹಾಗಿರಲಿಲ್ಲ.

ಆಗ ನೆನಪಾದದ್ದು ಸೇವಕಿಯ ಮಾತು. ಪತ್ರೆ ಅರ್ಧ ತಟ್ಟೆಯಲ್ಲೇ ಇವೆ ಎಂದಿದ್ದಳು. ಅವಳಿಗೆ ಫೋನು ಮಾಡಿದೆ.

"ಆ ತಾಯಿ ತಟ್ಟೆ ಎಲ್ಲೈತಮ್ಮ?"

"ಇಲ್ಲೇ ಕಂಬದ ತಾವ ಐತಿ ಸಾರ್. ಮುಟ್ಟಾಕೆ ಧೈರ್ಯ ಬರಲಿಲ್ಲ."

"ಮುಟ್ಟು. ಪತ್ರೆ ಎಷ್ಟು ಉಳಿದಾವೆ ಎಣಿಸು."

ಅವಳು ಗಟ್ಟಿಯಾಗಿ ಎಣಿಸಿದಳು. "ಐದು ಸಾರ್. ನೆಲದ ಮ್ಯಾಲೆ ಒಂದು ಬಿದ್ದೈತೆ, ಕೈಯಾಗಿತ್ತಲ್ಲ, ಅದು. ಲಿಂಗದ ಮ್ಯಾಗಳವು ಜಾರಿ ಬಿದ್ದಾವಲ್ಲ, ಅವು ಐದು."

ಎಲ್ಲ ಸೇರಿ ಹನ್ನೊಂದು. ಐದು ಏರಿಸಿದ್ದರು. ಆರನೆಯದನ್ನು ಕೈಯಲ್ಲಿ ಎತ್ತಿಕೊಂಡಿದ್ದರು.

ಪೂಜೆಯನ್ನು ನಾವು ನೇರಪ್ರಸಾರ ಮಾಡುತ್ತೇವೆ. ಕ್ಯಾಮೆರಾ ಇರುವುದು ಸ್ವಾಮೀಜಿಯ ಕಡೆಗೆ, ಭಕ್ತರು ಕಾಣುವುದಿಲ್ಲ. ಆದರೆ ಗಂಟೆ ಕೇಳಿಸುತ್ತದೆ, ಮೂಲೆಯಲ್ಲಿ ಹೊತ್ತು ಕಾಣುತ್ತದೆ. ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ನನ್ನ ಫೋನಿನಲ್ಲಿ ಅದನ್ನು ಹಾಕಿದೆ. ಮೊದಲ ಗಂಟೆ, ಏಳು ಇಪ್ಪತ್ತು. ಒಂದೊಂದಾಗಿ ಎಣಿಸಿದೆ. ಐದನೆಯದು ಏಳು ಇಪ್ಪತ್ತಾರು. ಆರನೆಯದು ಏಳು ಇಪ್ಪತ್ತೆಂಟು. ಆ ಎರಡು ಗಂಟೆಗಳ ನಡುವೆ ಮಂತ್ರ ಅದೇ ಧ್ವನಿಯಲ್ಲಿ ಸಾಗಿತ್ತು. ಯಾರೋ ಒಬ್ಬರು ಕೆಮ್ಮಿದ್ದರು. ಬೇರೆ ಏನೂ ಕೇಳಿಸಲಿಲ್ಲ. ಖಚಿತಕ್ಕೆ ಇನ್ನೊಂದು ಸಲ ಹಾಕಿ ಎಣಿಸಿದೆ.

ಒಳಗೆ ಹೋಗಿ ವೈದ್ಯೆಗೆ ಎಲ್ಲವನ್ನೂ ಹೇಳಿದೆ. ಪತ್ರೆಯ ಲೆಕ್ಕ, ಗಂಟೆ, ಎಂಟೂಮುಕ್ಕಾಲಿಗೆ ನಾನು ಬಾಗಿಲಲ್ಲಿ ನಿಂತು ನೋಡಿ ಹೋದದ್ದು, ಒಂಬತ್ತೂವರೆ. ಅವರು ಕೇಳುತ್ತಲೇ ಕಾಗದ ಎಳೆದುಕೊಂಡರು.

"ಐದನೇ ಎಲೆ ಬಲಗೈಯಿಂದಲೇ ಇಟ್ಟಿರ್ತಾರಾ? ಎಡಗೈಯಿಂದ ಇಡೋದುಂಟಾ?"

"ಎಡಗೈಯಾಗೆ ಲಿಂಗ ಇರ್ತೈತ್ರಿ. ಬಲಗೈನೇ."

"ಹಂಗಾದ್ರೆ ಏಳು ಇಪ್ಪತ್ತಾರಕ್ಕೆ ಕೈ ಚೆನ್ನಾಗಿತ್ತು. ಹನ್ನೊಂದು ಐವತ್ತಾರರ ತನಕ ಟೈಮ್ ಐತೆ. ಇಷ್ಟನ್ನೂ ಬರೆದು ಸಹಿ ಹಾಕ್ರಿ."

ಬರೆದೆ. ಎಂಟೂಮುಕ್ಕಾಲನ್ನೂ ಬರೆದೆ. ಅದು ಅವರಿಗೆ ಬೇಕಿರಲಿಲ್ಲ. ಓದಿ ತಲೆಯೆತ್ತಿ, "ಆಗ್ಲೇ ಕರ್ಕೊಂಡು ಬಂದಿದ್ರೆ…" ಎಂದು ಅರ್ಧಕ್ಕೆ ನಿಲ್ಲಿಸಿದರು. ಹನ್ನೊಂದು ಹದಿನೆಂಟಕ್ಕೆ ಇಂಜೆಕ್ಷನ್ ಶುರುವಾಯಿತು.

ಆಕೆ ಬದುಕಿದರು. ಹನ್ನೊಂದು ದಿನ ಆಸ್ಪತ್ರೆಯಲ್ಲಿದ್ದರು. ಕಾಲಿಗೆ ಸ್ವಲ್ಪ ಬಲ ಬಂತು. ಬಲಗೈ ಬರಲಿಲ್ಲ, ಮಾತು ಬರಲಿಲ್ಲ. ಮುಂಚೆ ಬಂದಿದ್ದರೆ ಬರುತ್ತಿತ್ತೇ ಎಂದು ವೈದ್ಯೆಯನ್ನು ಕೇಳಿದೆ. ಹೇಳೋಕಾಗಲ್ಲ, ಆದ್ರೆ ಪ್ರತಿ ನಿಮಿಷಕ್ಕೂ ಲೆಕ್ಕ ಇರ್ತೈತೆ ಎಂದರು.

ಎರಡನೆಯ ಸೋಮವಾರ ಮಠದಲ್ಲಿ ಆ ಕಂಬದ ಬುಡಕ್ಕೆ ಯಾರೋ ಹೂವು ಇಟ್ಟಿದ್ದರು. ಬಾಗಿಲಲ್ಲಿ ತೆಗೆದ ಚಿತ್ರ ಊರೂರಿಗೆ ಹರಡಿತ್ತು: ಎರಡು ತಾಸು ಶಿವಯೋಗದಲ್ಲಿ ಲೀನವಾದ ತಾಯಿ ಎಂದು. ಅಲ್ಲಿ ಕೂತರೆ ಮನಸ್ಸು ನಿಲ್ಲುತ್ತದೆಂದು ಆ ಜಾಗಕ್ಕೆ ಪೈಪೋಟಿಯಾಯಿತು. ನಾನು ಒಬ್ಬೊಬ್ಬರಿಗೂ ಹೇಳಿದೆ, ಅದು ಲಕ್ವ, ಆಸ್ಪತ್ರೆಯಲ್ಲಿ ಇದ್ದಾರೆ ಎಂದು. ಒಬ್ಬರು ನನ್ನನ್ನು ಕನಿಕರದಿಂದ ನೋಡಿ, "ನಿಮ್ಮಂಥೋರು ಮಠದಾಗಿದ್ದೂ ಹಿಂಗಂತೀರಲ್ರಿ" ಎಂದರು. ಹೂವನ್ನು ನಾನೇ ಗುಡಿಸಿ ತೆಗೆದೆ. ಫಲಕವನ್ನು ತೆಗೆದದ್ದೂ ಆ ದಿನವೇ. ಹಿಂದೆ ಗೋಡೆಗೆ ನಾಲ್ಕು ತೂತು ಉಳಿದವು.

ಮೂರನೆಯ ವಾರ ವಿದ್ಯಾನಗರಕ್ಕೆ ಹೋದೆ. ಹೇಳಬೇಕಾದ್ದು ಆಕೆಗೆ ಮುಖಾಮುಖಿ ಹೇಳಬೇಕೆನಿಸಿತ್ತು. ಮುಂದಿನ ಕೋಣೆಯಲ್ಲಿ ಉದ್ದ ಬೆಂಚುಗಳು, ಗೋಡೆಗೆ ಒರಗಿಸಿದ ತಟ್ಟೆಗಳು. ಒಳಗೆ ತಂಗಿ ಅಡುಗೆ ಮಾಡುತ್ತಿದ್ದರು. ಊರು ಬಿಟ್ಟು ಬಂದು ಇಲ್ಲೇ ಉಳಿದಿದ್ದರು. ಆಕೆ ಬಾಗಿಲಿಗೆ ಎದುರಾಗಿ ಕುರ್ಚಿಯಲ್ಲಿದ್ದರು.

"ಬರ್ರಿ" ಎಂದರು, ಸ್ಪಷ್ಟವಾಗಿ.

ಮಾತು ಬಂತೆಂದು ನನಗೆ ಕಣ್ಣು ತುಂಬಿತು. ತಂಗಿ ಸೌಟು ಹಿಡಿದೇ ಹೊರಬಂದರು. "ಅದೊಂದೇ ಸಾರ್. ನೀರಡಿಕ್ಯಾದ್ರೂ ಬರ್ರಿ, ನೋವಾದ್ರೂ ಬರ್ರಿ. ಇಷ್ಟು ವರ್ಷ ಬಾಗ್ಲಾಗೆ ನಿಂತು ಹುಡುಗ್ರಿಗೆ ಅಂದಿದ್ದು ಅದೊಂದು ಉಳ್ಕಂಡೈತೆ. ಕೇಳಿಸ್ಕಂಡಿದ್ದು ಎಲ್ಲ ತಿಳೀತೈತೆ. ಹೇಳಾಕೆ ಬರಂಗಿಲ್ಲ."

ನಾನು ಹೇಳಿದೆ. ಬಾಗಿಲ ತನಕ ಬಂದು ನೋಡಿದ್ದೆ, ಧ್ಯಾನವೆಂದುಕೊಂಡೆ, ಎಬ್ಬಿಸಬೇಡಿ ಎಂದವನು ನಾನೇ ಎಂದೆ. ಆಕೆ ಕಣ್ಣು ತೆಗೆಯದೆ ಕೇಳಿದರು.

"ಅಕ್ಕಾ, ಇವ್ರು ಬಂದಿದ್ದು ನಿನಗೆ ಕಾಣ್ತಾ ಇತ್ತಾ?" ಎಂದು ತಂಗಿ ಕೇಳಿದರು.

ತಲೆ ಆಡಿತು. ಹೌದು.

"ಎಚ್ಚರ ಇತ್ತಾ?"

ಹೌದು.

ತಂಗಿಯ ಧ್ವನಿ ಏರಿತು. "ಮತ್ತೆ ಎಡಗೈ ಆಡ್ತಿತ್ತಲ್ಲೇ ನಿಂದು! ಎತ್ತಿ ಕರಿಯಾಕೆ ಏನಾಗಿತ್ತು ನಿನಗೆ?"

ಆಕೆ ಎಡಗೈಯನ್ನು ಮೆಲ್ಲಗೆ ತೊಡೆಯ ಮೇಲೆ ಅಂಗಾತ ಇಟ್ಟರು. ಬೆರಳುಗಳನ್ನು ಒಳಕ್ಕೆ ಬಾಗಿಸಿ ಬಟ್ಟಲು ಮಾಡಿದರು. ಖಾಲಿ ಅಂಗೈಯನ್ನು ತೋರಿಸಿ, ನನ್ನನ್ನು ನೋಡಿದರು. ಅರ್ಥವಾಯಿತೇ ಎಂದು ಕೇಳುವ ಹಾಗೆ.

ಅರ್ಥವಾಯಿತು. ಉಳಿದ ಒಂದು ಕೈಯಲ್ಲಿ ಲಿಂಗವಿತ್ತು. ಎತ್ತಿದ್ದರೆ ಬೀಳುತ್ತಿತ್ತು. ಎರಡು ತಾಸು ಅವರು ಅದನ್ನು ಬೀಳದಂತೆ ಹಿಡಿದುಕೊಂಡು, ಯಾರಾದರೂ ಬರಲೆಂದು ಕಾದಿದ್ದರು.

ತಂಗಿ ತಿರುಗಿ ಅಡುಗೆಮನೆಗೆ ಹೋದರು.

ಆ ಸಂಜೆ ಸ್ವಾಮೀಜಿಗೆ ತಿಳಿಸಿದೆ. ಜನಕ್ಕೆ ಗೊತ್ತಾದರೆ ಇದನ್ನೂ ಭಕ್ತಿ ಎಂದು ಕೊಂಡಾಡುತ್ತಾರೆ, ಮುಂದಿನವರೂ ಹೀಗೇ ಹಿಡಿದುಕೊಂಡು ಕೂರುತ್ತಾರೆ ಎಂದೆ.

"ಹಂಗಾದ್ರೆ ಹೆಂಗೆ ಹೇಳಾಣ?" ಎಂದರು.

"ಆಕಿ ಸುದ್ದಿ ಬ್ಯಾಡ ಬುದ್ಧಿ. ಕ್ರಮ ಅಂತ ಹೇಳ್ರಿ."

ಶ್ರಾವಣದ ಕೊನೆಯ ಸೋಮವಾರ, ದೀಪ ಆರಿಸುವ ಮುಂಚೆ ಸ್ವಾಮೀಜಿ ಮೈಕಿನಲ್ಲಿ ಹೇಳಿದರು. "ಯಾರಿಗಾದ್ರೂ ಮೈಯಾಗೆ ಹುಷಾರಿಲ್ಲ ಅನಿಸಿದ್ರೆ ಕೈ ಎತ್ರಿ. ಯಾವ ಕೈ ಆಡ್ತೈತೋ ಆ ಕೈ ಎತ್ರಿ. ಲಿಂಗ ಐತಲ್ಲ ಅಂತ ತಡಕಾಬ್ಯಾಡ್ರಿ. ಬಿದ್ರೆ ಬೀಳ್ಲಿ. ಎತ್ತಿ ಕೊಡಾಕೆ ನಾವದೀವಿ."

ಮಂಟಪದಲ್ಲಿ ಗುಜುಗುಜು ಎದ್ದಿತು. ಮುಂದಿನ ಸಾಲಿನ ಹಿರಿಯರೊಬ್ಬರು ಲಿಂಗವನ್ನು ಕೊರಳ ಕರಡಿಗೆಗೆ ಹಾಕಿಕೊಂಡು, ಎದ್ದು, ಯಾರನ್ನೂ ನೋಡದೆ ಹೊರಗೆ ನಡೆದರು. ಅವರು ಬಾಗಿಲು ದಾಟುವ ತನಕ ಸ್ವಾಮೀಜಿ ಕಾದರು. ಆಮೇಲೆ ಅದೇ ಮಾತನ್ನು ಮೊದಲಿನಿಂದ ಇನ್ನೊಮ್ಮೆ ಹೇಳಿದರು.

ದೀಪ ಆರಿತು. ನಾನು ಬಾಗಿಲಲ್ಲಿ ನಿಲ್ಲಲಿಲ್ಲ. ಸೇವಕಿ ಒಂದು ಬದಿಯಿಂದ, ನಾನು ಇನ್ನೊಂದು ಬದಿಯಿಂದ, ಬರಿಗಾಲಲ್ಲಿ ಸಾಲುಗಳ ನಡುವೆ ನಡೆದೆವು, ಒಬ್ಬೊಬ್ಬರ ಮುಖ, ಒಬ್ಬೊಬ್ಬರ ಬಲಗೈ ನೋಡುತ್ತ. ನಾಲ್ಕನೆಯ ಸಾಲಿನಲ್ಲಿ ವಯಸ್ಸಾದ ಹೆಂಗಸೊಬ್ಬರು ಅಳುಕುತ್ತ ಕೈಯನ್ನು ಭುಜದವರೆಗೆ ಎತ್ತಿದರು. ನಾನು ಓಡಿಹೋಗಿ ಮಂಡಿಯೂರಿದೆ.

"ಏನಾತಮ್ಮ?"

"ಏನಿಲ್ಲಪ್ಪ, ಬಾಯಾರಿಕಿ. ಕೇಳಬೌದೋ ಇಲ್ವೋ ಅಂತ…"

"ಕೇಳಬೌದು" ಎಂದೆ. ನೀರು ತಂದು, ಅವರು ಕುಡಿದು ಮುಗಿಸುವ ತನಕ ಲೋಟ ಹಿಡಿದುಕೊಂಡೇ ಇದ್ದೆ.